ಶೌಚಾಲಯದ ಬೀಗ ತೆಗೆಸಿದ್ದಕ್ಕೆ ಎರಡು ಕ್ರೆಡಿಟ್

ನಾಯಕತ್ವ ಕ್ರೆಡಿಟ್ ಮಂಜೂರು ಮಾಡುವ ಕಾಲೇಜು ಸಮಿತಿಯ ಸಂಚಾಲಕರಿಗೆ,

ಮಾನ್ಯರೇ,

ನಾನು ನಾಯಕಿಯಲ್ಲ ಎಂದು ತಾವು ಕಳೆದ ವಾರ ತೀರ್ಮಾನಿಸಿದ್ದೀರಿ. ಅದರಿಂದ ನನಗೆ ಸಿಗಬೇಕಾಗಿದ್ದ ಎರಡು ಕ್ರೆಡಿಟ್ ತಪ್ಪಿದೆ. ಅವಿಲ್ಲದೆ ಈ ವರ್ಷ ಬಿ.ಕಾಂ. ಪದವಿ ಕೈಗೆ ಬರುವುದಿಲ್ಲ. ಪದವಿ ಇಲ್ಲದೆ ಜಿಗಣಿಯ ಕಾರ್ಖಾನೆಯೊಂದರ ಲೆಕ್ಕಪತ್ರ ವಿಭಾಗದಲ್ಲಿ ನನಗಾಗಿ ಕಾದಿರುವ ಕೆಲಸವೂ ಇಲ್ಲ. ನನಗೆ ಕೋಪ ಬಂದಿದೆ. ಅದನ್ನು ಮೊದಲೇ ಹೇಳಿಬಿಡುವುದು ವಾಸಿ.

ನಾನು ಮಾಡಿದ ಕೆಲಸ ಊರಿಗೆಲ್ಲ ತಿಳಿಯಲಿ. ಹುಡುಗಿಯರಿಗೆ ಬೇರೆ ಶೌಚಾಲಯವೇ ಇಲ್ಲದ ನಮ್ಮ ಕಾಲೇಜಿನಲ್ಲಿ ಅವರಿಗೆಂದು ಹೊಸದೊಂದನ್ನು ಕಟ್ಟಿಸಿ, ಟೈಲ್ಸ್ ಹಾಕಿಸಿ, ಕನ್ನಡಿ ತೂಗುಹಾಕಿ, ಬಾಗಿಲಿಗೆ ಬೀಗ ಜಡಿಯಲಾಗಿತ್ತು. ಪರಿಶೀಲನಾ ತಂಡ ಬಂದಾಗ ತೆರೆದು ತೋರಿಸುವುದು, ತಂಡದ ಕಾರು ಗೇಟು ದಾಟಿದೊಡನೆ ಮುಚ್ಚುವುದು ಇಲ್ಲಿನ ಸಂಪ್ರದಾಯ. ಕೇಳಲು ಹೋದರೆ ಕಚೇರಿಯ ಸೂಪರಿಂಟೆಂಡೆಂಟ್ ಸಾಹೇಬರು, "ನೀಟಾಗಿ ಇಟ್ಟಿದೀವಮ್ಮ, ನೀವೆಲ್ಲ ಹೋಗ್ಬಂದು ಗಲೀಜ್ ಮಾಡ್ಬಿಟ್ರೆ ಇನ್‌ಸ್ಪೆಕ್ಷನ್‌ಗೆ ಏನ್ ತೋರ್ಸೋದು?" ಎಂದರು. ಉತ್ಸವಮೂರ್ತಿಯಾದರೂ ಇದಕ್ಕಿಂತ ಹೆಚ್ಚು ಸಲ ದರ್ಶನ ಕೊಡುತ್ತದೆ. ಅತ್ತಿಬೆಲೆಯಿಂದ ಬಸ್ಸು ಬದಲಿಸಿ ಬರುವ ನನ್ನ ಗೆಳತಿ ನಿವೇದಿತಾ ದಿನವಿಡೀ ನೀರು ಕುಡಿಯದೆ ಕೂತು ಕೂತು, ಮೂತ್ರದ ಸೋಂಕು ಹತ್ತಿಸಿಕೊಂಡು ಆಸ್ಪತ್ರೆ ಸೇರಿದಳು. ಅವಳನ್ನು ನೋಡಿಬಂದ ದಿನ ನನಗೆ ಅಳುವೂ ಬಂತು, ಇಷ್ಟು ದಿನ ಸುಮ್ಮನಿದ್ದೆವಲ್ಲ ಎಂದು ನಾಚಿಕೆಯೂ ಆಯಿತು.

ಆಮೇಲೆ ನಾವು ಧಿಕ್ಕಾರವನ್ನೇನೂ ಕೂಗಲಿಲ್ಲ. ಪ್ರಾಂಶುಪಾಲರ ಕೊಠಡಿಗೆ ಹೊಂದಿಕೊಂಡ ಶೌಚಾಲಯಕ್ಕೆ ಸಾಲು ನಿಂತೆವು. ಪ್ರತಿ ಬಿಡುವಿನಲ್ಲೂ, ಯಾರ ಪಾಠವೂ ತಪ್ಪದಂತೆ, ತರಗತಿವಾರು ಸರದಿ ಹಾಕಿದವಳು ನಾನು. ಒಬ್ಬೊಬ್ಬಳೂ ಬಾಗಿಲಲ್ಲಿ "ಮೇ ಐ ಕಮಿನ್ ಸಾರ್" ಎಂದು ಕೇಳಿಯೇ ಒಳಗೆ ಹೋಗುತ್ತಿದ್ದಳು. ಪ್ರಾಂಶುಪಾಲರಿಗೆ ಫೋನಿನಲ್ಲಿ ಮಾತಾಡಲೂ ಆಗಲಿಲ್ಲ, ಊಟದ ಡಬ್ಬಿ ಬಿಚ್ಚಲೂ ಆಗಲಿಲ್ಲ. ವಾರ ಮುಗಿಯುವ ಮೊದಲೇ ಬೀಗ ತೆಗೆಸಿದರು.

ಇದು ನಾಯಕತ್ವವಲ್ಲವಂತೆ. "ಬ್ಯಾನರ್ ಎಲ್ಲಮ್ಮ? ಚೀಫ್ ಗೆಸ್ಟ್ ಯಾರು? ಫೋಟೋ ಇಲ್ವಾ?" ಎಂದು ತಮ್ಮ ಸಮಿತಿ ಕೇಳಿತು. ನನ್ನ ಸಹಪಾಠಿ ಶಶಿಕುಮಾರನಿಗೆ ಮಾತ್ರ ಕ್ರೆಡಿಟ್ ಸಿಕ್ಕಿದೆ. ವಾರ್ಷಿಕೋತ್ಸವದಲ್ಲಿ ಅವನು ಮುಖ್ಯ ಅತಿಥಿಗೆ ಪೇಟ ತೊಡಿಸಿದ್ದ. ಒಳ್ಳೆಯ ಹುಡುಗ, ಪೇಟವನ್ನೂ ಸೊಟ್ಟ ಮಾಡಲಿಲ್ಲ. "ಲೇ ವೇಣಿ, ನಂಗೇ ಒಂಥರಾ ಆಗ್ತಿದೆ ಕಣೇ" ಎಂದು ಅವನೇ ಬಂದು ಹೇಳಿದ. ಆದರೆ ಮಾನ್ಯರೇ, ನಾವು ಸಾಲು ನಿಂತ ಕಡೆ ಬ್ಯಾನರ್ ಕಟ್ಟಬೇಕಿತ್ತೇ? ಮುಖ್ಯ ಅತಿಥಿಗಳನ್ನು ಕರೆಸಿ ಶೌಚಾಲಯವನ್ನು ಯಾವ ರೀತಿಯಲ್ಲಿ ಉದ್ಘಾಟಿಸಬೇಕಿತ್ತು? ಸಮಿತಿ ಸಭೆ ಸೇರಿ ತಿಳಿಸಿದರೆ ಉಪಕಾರವಾಗುತ್ತದೆ.

ಕೊನೆಗೆ ತಾವೇ ದೊಡ್ಡ ಮನಸ್ಸು ಮಾಡಿ, ನನ್ನನ್ನು ಕರೆಸಿ ದಾರಿ ತೋರಿದಿರಿ. "'ಪ್ರಾಂಶುಪಾಲರ ಮಾರ್ಗದರ್ಶನದಲ್ಲಿ ಸ್ವಚ್ಛತಾ ಅಭಿಯಾನ ನಡೆಸಿದೆ' ಅಂತ ಬರ್ಕೊಡಮ್ಮ. ಹುಡ್ಗೀರ ಕೈಲಿ ಪೊರಕೆ ಹಿಡ್ಸಿ ಒಂದ್ ಫೋಟೋ ತೆಗ್ಸು. ಮುಗೀತು." ಮನೆಗೆ ಹೋಗಿ ಅಜ್ಜಿ ಮಾರಕ್ಕನಿಗೆ ಹೇಳಿದೆ. ಅವಳು ಕಾರ್ಖಾನೆ ಕೆಲಸಗಾರರಿಗೆ ಸಾಲು ಮನೆ ಬಾಡಿಗೆಗೆ ಕೊಟ್ಟವಳು. "ನಮ್ ವಠಾರದ ಕಕ್ಕಸಿಗೆ ನಾನು ಇಂಗೆ ಬೀಗ ಆಕಿದ್ರೆ ಬಾಡಿಗೆಯೋರು ನನ್ ಜುಟ್ಟು ಇಡ್ಕೊಂತಿದ್ರು. ಆದ್ರೂ ಬರ್ಕೊಟ್ಬುಡವ್ವ, ಕೆಲ್ಸ ಮುಖ್ಯ" ಎಂದಳು.

ಬರೆಯಲು ಕೂತೆ, ಸುಳ್ಳೇಕೆ? ಕೆಲಸ ನನಗೆ ಬೇಕೇ ಬೇಕು. ಆದರೆ 'ಮಾರ್ಗದರ್ಶನ' ಎಂಬಲ್ಲಿಗೆ ಬಂದು ಕೈ ನಿಂತಿತು. ಆ ವಾಕ್ಯ ಪೂರ್ತಿಯಾದರೆ ಬೀಗ ಇರಲೇ ಇಲ್ಲ ಎಂದಾಗುತ್ತದೆ, ನಿವೇದಿತಾ ಸುಮ್ಮನೆ ಕಾಯಿಲೆ ಬಿದ್ದಳು ಎಂದಾಗುತ್ತದೆ. ಇರಲೇ ಇಲ್ಲದ ಬೀಗವನ್ನು ಮುಂದಿನ ವರ್ಷ ಮತ್ತೆ ಹಾಕಿದರೆ ಕೇಳುವವರು ಯಾರು?

ಹಾಗಾಗಿ ನನ್ನ ಬೇಡಿಕೆ ಇಷ್ಟೇ. 'ಕಾಲೇಜು ಹಾಕಿದ್ದ ಬೀಗವನ್ನು ವಿದ್ಯಾರ್ಥಿನಿಯರು ತೆಗೆಸಿದರು' ಎಂದು ಕಡತದಲ್ಲಿ ಬರೆದು ಎರಡು ಕ್ರೆಡಿಟ್ ಕೊಡಿ. ಕೊಡಲು ಬರುವುದಿಲ್ಲ ಎಂದಾದರೆ, ಕೊಡದಿರುವುದಕ್ಕೆ ಕಾರಣವೆಂದು ಅದೇ ವಾಕ್ಯವನ್ನು ಬರೆದು, ರುಜು ಮಾಡಿ ಕೊಡಿ. ನಾನು ಇನ್ನೊಂದು ವರ್ಷ ಕಾಯುತ್ತೇನೆ. ಆ ಕಾಗದವನ್ನು ಮೊದಲ ವರ್ಷದ ಹುಡುಗಿಯರ ಕೈಗೆ ಕೊಡುತ್ತೇನೆ.

ಇಂತಿ,
ಸದ್ಯಕ್ಕೆ ಅರ್ಧಂಬರ್ಧ ಪದವೀಧರೆ,
ವೇಣಿ
ಅಂತಿಮ ಬಿ.ಕಾಂ., ಜಿಗಣಿ