ರೌಡಿಯ ಸುದ್ದಿ

ಅಣ್ಣಾ,

ರೌಡಿ ಇವತ್ತು ಬೆಳಿಗ್ಗೆ ಹೋದ. ಬೆಕ್ಕು ಕಂಡರೆ ಹೆದರಿ ಓಡುವ ನಾಯಿಗೆ ಆ ಹೆಸರಿಟ್ಟವನು ನೀನೇ. ನೀನು ಮನೆ ಬಿಟ್ಟ ದಿನ ಗೇಟಿನವರೆಗೂ ನಿನ್ನ ಹಿಂದೆ ಬಂದವನು ಅವನೊಬ್ಬನೇ. ಅದಕ್ಕೇ ಬರೆಯುತ್ತಿದ್ದೇನೆ, ನಿನ್ನ ವಿಳಾಸ, ಫೋನ್ ನಂಬರ್ ಯಾವುದೂ ಗೊತ್ತಿಲ್ಲದಿದ್ದರೂ.

ವಾರದಿಂದ ಊಟ ಬಿಟ್ಟಿದ್ದ. ಹಿಂಗಾಲು ಎಳೆದುಕೊಂಡು ಬಂದು ನನ್ನ ಹೊಲಿಗೆ ಮಷೀನಿನ ಕೆಳಗೆ, ಬಟ್ಟೆಚೂರುಗಳ ಮೇಲೆ ಮಲಗಿಬಿಡುತ್ತಿದ್ದ. ನಾಯಿ ಡಾಕ್ಟರು ಬಂದು ಅಲ್ಲೇ ನೆಲದ ಮೇಲೆ ಕೂತರು.

"ತುಂಬಾ ನೋವು ತಿಂತಿದಾನಮ್ಮ, ಕಳಿಸಿಕೊಡೋಣ. ನೀವು ಏನಾದ್ರೂ ಮಾತಾಡ್ತಾ ಇರಿ, ಅವನಿಗೂ ಧೈರ್ಯ," ಎಂದು ಇಂಜೆಕ್ಷನ್ ತೆಗೆದರು.

ಮಾತಿನ ಬದಲು, ಅವನನ್ನು ಕರೆಯಲು ನೀನು ಹೊಡೆಯುತ್ತಿದ್ದ ಹಾಗೆ ಸಿಳ್ಳೆ ಹೊಡೆಯಲು ಹೋದೆ. ನನಗೆಲ್ಲಿ ಬರುತ್ತದೆ, ಬರೀ ಗಾಳಿ ಬಂತು. ಆದರೂ ರೌಡಿ ತಲೆಯೆತ್ತಿದ. ನನ್ನನ್ನಲ್ಲ, ಬಾಗಿಲ ಕಡೆ ನೋಡಿದ. ಬಾಲ ಮೆಲ್ಲಗೆ ನೆಲಕ್ಕೆ ಬಡಿಯಿತು. ಅಲ್ಲಿ ಯಾರೂ ಇಲ್ಲವೆಂದು ತಿಳಿಯುವ ಮೊದಲೇ ಅವನಿಗೆ ನಿದ್ದೆ ಹತ್ತಲಿ ಎಂದು ಬೇಡಿಕೊಂಡೆ.

ಹಿತ್ತಲಲ್ಲಿ ಅಪ್ಪನೇ ಗುಂಡಿ ತೋಡಿದರು. ಆ ವಯಸ್ಸಿನಲ್ಲೂ ನನ್ನನ್ನು ಗುದ್ದಲಿ ಮುಟ್ಟಲು ಬಿಡಲಿಲ್ಲ. ಮಣ್ಣು ಮುಚ್ಚಿ, ಏದುಸಿರು ಬಿಡುತ್ತಾ, ನನ್ನ ಕಡೆ ತಿರುಗದೆ ಕೇಳಿದರು:

"ಅವನಿಗೆ ತಿಳಿಸಿದ್ಯಾ?"

ನೀನು ಹೋದ ಮೇಲೆ ಅಪ್ಪ ನಿನ್ನ ಮಾತೆತ್ತಿದ್ದು ಇದೇ ಮೊದಲು.

"ಹೂಂ ಅಪ್ಪ, ತಿಳಿಸ್ದೆ."

"ಏನಂದ?"

"ಅತ್ತುಬಿಟ್ಟ," ಅಂದೆ.

ಅಪ್ಪ ಆ ಹಸಿ ಮಣ್ಣಿನ ಪಕ್ಕದಲ್ಲೇ ಕುಳಿತುಬಿಟ್ಟರು.