ನೀರು ಮುಚ್ಚಿ ಕೊರೆದವರು

ಗಣಿ ಆಸ್ಪತ್ರೆಯ ಹಿಂದಿನ ಸಾಲುಮನೆ,
ಮಾರ್ಚ್ ಹದಿನಾಲ್ಕು, ಶನಿವಾರ ಮಧ್ಯಾಹ್ನ

ಪ್ರೀತಿಯ ತಮ್ಮನಿಗೆ,

ಕ್ಷೇಮವಾಗಿದ್ದೀಯ ಎಂದು ನಂಬಿದ್ದೇನೆ. ನಂಬುವುದಕ್ಕೆ ಖರ್ಚಿಲ್ಲವಲ್ಲ. ನಿನ್ನ ಹೆಂಡತಿ ಹೇಗಿದ್ದಾಳೆ, ಮಗುವಿಗೆ ಹಲ್ಲು ಬಂತೇ? ನನ್ನ ಮಂಡಿನೋವು ಮೊದಲಿನ ಹಾಗೆಯೇ ಇದೆ. ನೀನು ಕೇಳಲಿಲ್ಲ, ನಾನಾಗಿಯೇ ಹೇಳುತ್ತಿದ್ದೇನೆ. ಆಸ್ಪತ್ರೆಯಲ್ಲಿ ಆಯಾಗಳನ್ನು ಕಡಿಮೆ ಮಾಡಿದ್ದಾರೆ; ಮೂರು ವಾರ್ಡಿನ ನೆಲ ಒರೆಸಿ, ಮಲದ ಪಾತ್ರೆಗಳನ್ನು ತೊಳೆದು ಮನೆಗೆ ಬರುವ ಹೊತ್ತಿಗೆ ಬೆನ್ನು ನನ್ನದಲ್ಲ ಅನ್ನಿಸುತ್ತದೆ.

ಆ ದೂರದ ಗಣಿಯಿಂದ ನೀನು ಬರೆದ ಕಾಗದ ಓದಿದೆ. ಕೆಂಪು ಮಣ್ಣು, ಮೊಣಕಾಲಿಗಿಂತ ಎತ್ತರ ಬೆಳೆಯದ ಮುಳ್ಳುಗಿಡ, ನೀರೆಂದು ನಂಬಿ ಹತ್ತಿರ ಹೋದರೆ ಬರೀ ಉಪ್ಪಾಗಿರುವ ಕೆರೆ, ಮನುಷ್ಯನ ನೆರಳು ಬಿಟ್ಟರೆ ಬೇರೆ ನೆರಳೇ ಇಲ್ಲದ ಬಯಲು. ಚೆನ್ನಾಗಿ ಬರೆದಿದ್ದೀಯ. ಆ ಬಯಲಿನಲ್ಲಿ ನಿಂತರೆ ಮನಸ್ಸು ಹಗುರಾಗುತ್ತದೆ ಎಂದೂ ಬರೆದಿದ್ದೀಯ, ಅದರ ಕೆಳಗಿನ ಸಾಲಿನಲ್ಲೇ ಈ ತಿಂಗಳೂ ಕೊರೆತದಲ್ಲಿ ಎಲ್ಲರಿಗಿಂತ ನೀನೇ ಮುಂದೆ ಎಂದು ಬೀಗಿದ್ದೀಯ. ಬರೆಯುವ ಚಪಲ ನಿನಗೆ ಚಿಕ್ಕಂದಿನಿಂದಲೂ ಇದೆ. ಅದರ ಫಲ ಏನಾಯಿತೆಂದು ಹೇಳುತ್ತೇನೆ, ಸ್ವಲ್ಪ ತಾಳು.

ನಮ್ಮ ಬಯಲು ನಿನಗೆ ಗೊತ್ತೇ ಇದೆ. ನೂರು ವರ್ಷ ಕಲ್ಲನ್ನು ಹಿಟ್ಟು ಮಾಡಿ ಸುರಿದ ಬಿಳಿ ದಿಬ್ಬಗಳು ಇನ್ನೂ ಹಾಗೆಯೇ ನಿಂತಿವೆ. ಗಾಳಿ ಎದ್ದರೆ ಹಿಟ್ಟು ಮನೆಯೊಳಗೆ ಬಂದು ಕೂರುತ್ತದೆ. ತಟ್ಟೆ ಒರೆಸಿ ಬಡಿಸುವಷ್ಟರಲ್ಲಿ ಮತ್ತೆ ಒರೆಸಬೇಕು. ಈಗ ಆ ದಿಬ್ಬಗಳನ್ನು ನೋಡಲು ದೂರದಿಂದ ಜನ ಬರುತ್ತಾರೆ, ಅವುಗಳ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ಅವರಿಗೆಂದು ಕಂಪನಿ ಗಣಿಯ ಚರಿತ್ರೆಯ ಪುಸ್ತಕ ಅಚ್ಚು ಹಾಕಿಸಿದೆ. ಒಂದು ಟನ್ನು ಕಲ್ಲು ಒಡೆದರೆ ಒಂದು ಉಂಗುರಕ್ಕಾಗುವಷ್ಟು ಚಿನ್ನ ಸಿಗುತ್ತಿತ್ತಂತೆ. ಮಾಲೀಕರ ಚಿತ್ರಗಳಿವೆ, ಯಂತ್ರಗಳ ಚಿತ್ರಗಳಿವೆ, ಹಳೆಯ ಕಾಲದಲ್ಲಿ ಗಾಡಿ ಎಳೆದ ಕುದುರೆಗಳ ಹೆಸರುಗಳು ಕೂಡ ಇವೆ. ಕೊರೆಯುವವರ ಒಂದು ಹೆಸರೂ ಇಲ್ಲ. ಮೂವತ್ತೊಂದು ವರ್ಷ ಕೆಳಗಿಳಿದ ನಮ್ಮಪ್ಪ ತನ್ನ ಕಣ್ಣಿಂದ ಚಿನ್ನ ನೋಡಿದ್ದು ಎರಡು ಸಲ ಮಾತ್ರ.

ಆದರೆ ಕೊರೆಯುವವರ ಪೈಕಿ ಅಪ್ಪನಿಗೆ ಹೆಸರಿತ್ತು. ಎರಡಾಳು ಎಂದೇ ಕರೆಯುತ್ತಿದ್ದರು, ಇಬ್ಬರ ಕೆಲಸ ಒಬ್ಬನೇ ಮಾಡುತ್ತಾನೆಂದು. ಹೇಗೆ ಮಾಡುತ್ತಾನೆ ಎಂಬುದು ಮೇಸ್ತ್ರಿಯನ್ನು ಬಿಟ್ಟರೆ ನಮ್ಮ ಮನೆಯವರಿಗೆ ಮಾತ್ರ ಗೊತ್ತಿತ್ತು. ಕೊರೆಯುವಾಗ ಧೂಳು ಏಳದಂತೆ ಯಂತ್ರದ ತುದಿಗೆ ನೀರು ಬಿಡಬೇಕು, ಅದು ನಿಯಮ. ನೀರು ಬಿಟ್ಟರೆ ಕೊರೆತ ನಿಧಾನ. ತಲೆಯ ಮೇಲಿನ ಬಂಡೆ ಕೊರೆಯುವಾಗ ಆ ತಣ್ಣೀರು ತೋಳಿನೊಳಗೆ ಇಳಿದು ಕಂಕುಳಿಗೆ ಬರುತ್ತದೆ. ಅದಕ್ಕೇ ಅಪ್ಪ ನಲ್ಲಿ ಮುಚ್ಚಿಬಿಡುತ್ತಿದ್ದ. ಮೇಸ್ತ್ರಿ ನೋಡಿಯೂ ಆ ಕಡೆ ಮುಖ ತಿರುಗಿಸುತ್ತಿದ್ದ, ಅವನಿಗೆ ಬೇಕಾದದ್ದು ಎಷ್ಟು ಅಡಿ ಕೊರೆದರೆಂಬ ಲೆಕ್ಕ. ನೀನು ಮೊದಲ ದಿನ ಕೆಳಗಿಳಿದು ಬಂದ ಸಂಜೆ ನೆನಪಿದೆಯೇ? ಮುಖದ ಮೇಲಿನ ಬಿಳಿ ಧೂಳನ್ನೂ ತೊಳೆಯದೆ ಬಂದು, ಅಪ್ಪ ನಿನ್ನ ಕೈ ಹಿಡಿದು ನಲ್ಲಿ ಮುಚ್ಚಿಸಿದ್ದನ್ನು, "ಇದು ನಮ್ಮ ಮನೆ ಗುಟ್ಟು, ಯಾರಿಗೂ ಹೇಳಬೇಡ" ಅಂದದ್ದನ್ನು ನನಗೆ ಹೇಳಿದೆ. ನಾನೂ ಹಿಗ್ಗಿದೆ. ಬಟ್ಟೆ ಒಣಹಾಕುವಾಗ ಅಕ್ಕಪಕ್ಕದವರ ಮುಂದೆ ನಿಮ್ಮಿಬ್ಬರ ಅಡಿಗಳನ್ನು ಹೇಳಿ ಮೆರೆದವಳು ನಾನೇ.

ಆಮೇಲೆ ಕೆಮ್ಮು ಬಂತು. ಹದಿನಾಲ್ಕು ವರ್ಷ ಅಪ್ಪ ನಮ್ಮ ಆಸ್ಪತ್ರೆಯ ಡಾಕ್ಟರ ಮುಂದೆ ಅಂಗಿ ಬಿಚ್ಚಿ ನಿಂತ, ಹದಿನಾಲ್ಕು ವರ್ಷವೂ ಅವರು ತಂಬಾಕಿನ ಎದೆ ಎಂದು ಬರೆದರು. ಜನ್ಮದಲ್ಲಿ ಒಂದು ದಿನ ಹೊಗೆ ಎಳೆಯದ ಮನುಷ್ಯ! ಅಪ್ಪನಿಗೆ ಉಸಿರಿಗಿಂತ ಆ ಪದವೇ ಹೆಚ್ಚು ಹಿಂಸೆ ಕೊಟ್ಟಿತು. ಗಣಿಯೇ ನನ್ನನ್ನು ಹೀಗೆ ಮಾಡಿತು ಎಂದು ಒಂದು ಕಾಗದದಲ್ಲಿ ಬರೆದುಕೊಡಲಿ, ಅಷ್ಟು ಸಾಕು ಅನ್ನುತ್ತಿದ್ದ. ಕಂಪನಿಯ ಪದ್ಧತಿ ನಿನಗೆ ಗೊತ್ತು. ಬದುಕಿರುವವನ ಕೆಮ್ಮನ್ನು ಅವರು ನಂಬುವುದಿಲ್ಲ. ಸತ್ತ ಮೇಲೆ ಎದೆ ತೆರೆದು, ಶ್ವಾಸಕೋಶ ತೆಗೆದು, ಡಬ್ಬದಲ್ಲಿಟ್ಟು ದೊಡ್ಡ ಕಚೇರಿಗೆ ಕಳಿಸಿದರೆ ಮಾತ್ರ ನೋಡುತ್ತಾರೆ. ಕೊನೆಯ ವಾರ ಅಪ್ಪನಿಗೆ ಮಲಗಲು ಆಗುತ್ತಿರಲಿಲ್ಲ, ಮೊಣಕಾಲ ಮೇಲೆ ದಿಂಬಿಟ್ಟುಕೊಂಡು ಅದರ ಮೇಲೆ ಒರಗಿ ಕೂತಿರುತ್ತಿದ್ದ. "ನನ್ನ ಕೊಯ್ಸು. ಆ ಡಾಕ್ಟರು ಕಣ್ಣಾರೆ ನೋಡ್ಲಿ" ಎಂದು ನನ್ನಿಂದ ಮಾತು ತೆಗೆದುಕೊಂಡ.

ಕೊಯ್ಸಿದೆ. ಆ ದಿನ ಶವದ ಕೋಣೆಯಲ್ಲಿ ಬೇರೆ ಆಯಾ ಇರಲಿಲ್ಲ, ಬೋಗುಣಿ ಹಿಡಿದು ನಿಂತವಳು ನಾನೇ. ಡಾಕ್ಟರು ನನ್ನನ್ನು ಹೊರಗೆ ಹೋಗು ಅಂದರು, ಹೋಗಲಿಲ್ಲ. ಶ್ವಾಸಕೋಶದ ಮೇಲೆ ಚಾಕು ಎಳೆದಾಗ ಕರಕರ ಸದ್ದು ಬಂತು, ಮರಳಿನ ಮೇಲೆ ಪಾತ್ರೆ ಎಳೆದ ಹಾಗೆ. ಎರಡನೆಯ ಸಲ ಎಳೆದರು, ಮತ್ತೆ ಅದೇ ಸದ್ದು. ಅವರು ಚಾಕುವಿನ ಬಾಯಿ ನೋಡಿದರು, ನನ್ನ ಮುಖ ನೋಡಲಿಲ್ಲ. ನನಗೆ ಅಳು ಬರಲಿಲ್ಲ, ಸಂತೋಷವಾಯಿತು. ಅಪ್ಪ ಗೆದ್ದ ಅಂದುಕೊಂಡೆ.

ಅಪ್ಪ ಹೋದ ಸುದ್ದಿ, ಕೊಯ್ಸಿದ ಸುದ್ದಿ ಎರಡೂ ಅದೇ ದಿನ ತಂತಿಯಲ್ಲಿ ನಿನಗೆ ಮುಟ್ಟಿದ್ದವು. ಬರಲು ಲಾರಿ ಇರಲಿಲ್ಲ, ಒಪ್ಪಿದೆ. ಬಾರದವನು ಸುಮ್ಮನಿರಬಹುದಿತ್ತು. 'ಅಪ್ಪನನ್ನು ಕಸಾಯಿಖಾನೆಗೆ ಹಾಕಿದೆ, ಅರ್ಧ ಹೆಣ ಹೂಳಿದೆ, ನೀನು ಅಕ್ಕನಲ್ಲ' ಎಂದು ನೀನು ನನಗೆ ಮೂರು ಸಾಲು ಬರೆದು ಕಳಿಸಿದೆ. ಆ ಕಾಗದವನ್ನು ನಾನು ಸುಟ್ಟಿಲ್ಲ. ಒಲೆ ಹಚ್ಚುವಾಗಲೆಲ್ಲ ಕೈಗೆ ಬರುತ್ತದೆ, ಓದಿ ಮತ್ತೆ ಎತ್ತಿಡುತ್ತೇನೆ.

ಈಗ ನಿನ್ನ ಬರವಣಿಗೆಯ ವಿಷಯ. ದೊಡ್ಡ ಕಚೇರಿಯ ಉತ್ತರ ಬಂದಿದೆ. ಇದು ತಂಬಾಕಲ್ಲ, ಎದೆಯೊಳಗೆ ಇರುವುದು ಕಲ್ಲೇ ಎಂದು ಮೊದಲ ಪುಟದಲ್ಲಿ ಒಪ್ಪಿದ್ದಾರೆ. ಎರಡನೆಯ ಪುಟಕ್ಕೆ ಇನ್ನೊಂದು ಕಾಗದದ ನಕಲು ಲಗತ್ತಿಸಿದ್ದಾರೆ. ಅದರ ಮೇಲಿದ್ದ ಅಕ್ಷರ ನೋಡಿದ ಕೂಡಲೇ ನಿನ್ನದೆಂದು ಗೊತ್ತಾಯಿತು. ನೀನೀಗಿರುವ ಗಣಿಯಲ್ಲಿ ಕೆಲಸ ಕೇಳಿ ಹಾಕಿದ ಅರ್ಜಿ. 'ನನ್ನ ತಂದೆಯವರು ನೀರು ಮುಚ್ಚಿ ಕೊರೆಯುವುದರಲ್ಲಿ ನಿಪುಣರು, ನನಗೂ ಹಾಗೆಯೇ ಕಲಿಸಿದ್ದಾರೆ, ಒಂದು ಪಾಳಿಯಲ್ಲಿ ಇಬ್ಬರ ಕೆಲಸ ಮಾಡಬಲ್ಲೆ.' ಎರಡು ಗಣಿಗೂ ಒಬ್ಬನೇ ಮಾಲೀಕ ಎಂಬುದು ನಿನ್ನ ತಲೆಗೆ ಹೊಳೆಯಲಿಲ್ಲವೇ? ಮೇಸ್ತ್ರಿಗಳು ಕಂಡೂ ಕಾಣದಂತಿದ್ದ ವಿಷಯವನ್ನು ಸಹಿ ಹಾಕಿ ಕೊಟ್ಟಿದ್ದೀಯ. ಕೆಲಸಗಾರ ನಿಯಮ ಮುರಿದು ರೋಗವನ್ನು ತಾನೇ ತಂದುಕೊಂಡಿದ್ದಾನೆ, ಗಣಿಗೆ ಇದರ ಸಂಬಂಧವಿಲ್ಲ ಎಂದು ಮುಗಿಸಿದ್ದಾರೆ. ಅಪ್ಪ ಕೇಳಿದ ಕಾಗದ ಸಿಕ್ಕಿದೆ ನೋಡು. ಅವನನ್ನು ಕೊಂದದ್ದು ಅವನೇ ಎಂದು ಅದರಲ್ಲಿದೆ, ಸಾಕ್ಷಿ ಮಗ.

ನಿನಗೆ ಕೆಲಸ ಕೊಟ್ಟಿದ್ದೂ ಆ ಸಾಲನ್ನು ಓದಿಯೇ ಇರಬೇಕು. ಅಲ್ಲಿಯ ಮೇಸ್ತ್ರಿಯೂ ಆ ಕಡೆ ಮುಖ ತಿರುಗಿಸುತ್ತಾನೆ ಅನ್ನುವುದನ್ನು ನೀನು ಹೇಳಬೇಕಿಲ್ಲ. ನನಗೆ ಕೋಪ ಇಳಿದಿಲ್ಲ, ಇಳಿದಿದೆ ಎಂದು ಸುಳ್ಳು ಬರೆಯುವುದಿಲ್ಲ. ಒಂದೊಂದು ಸಲ ವಾರ್ಡಿನಲ್ಲಿ ನಿನ್ನ ವಯಸ್ಸಿನವರು ಬಂದು ಮಲಗುತ್ತಾರೆ, ಹೊದಿಕೆ ಸರಿಮಾಡುವಾಗ ನಿನ್ನ ಮುಖವೇ ಕಾಣುತ್ತದೆ. ಆಗಲೂ ಇಳಿಯುವುದಿಲ್ಲ.

ನಿನ್ನ ಹೆಂಡತಿಗೆ ನನ್ನ ಪ್ರೀತಿ ತಿಳಿಸು, ಅವಳು ಒಳ್ಳೆಯವಳು. ಮಗುವಿನ ಕೆನ್ನೆಗೆ ನನ್ನ ಹೆಸರಿನಲ್ಲಿ ಒಂದು ಮುತ್ತು ಕೊಡು. ನೀನು ಉಣ್ಣುವುದನ್ನು ಮುಂದೂಡಬೇಡ, ಹೊತ್ತಿಗೆ ಸರಿಯಾಗಿ ಉಣ್ಣು.

ಹರಸಲು ಮನಸ್ಸಿಲ್ಲದಿದ್ದರೂ ಹರಸುತ್ತಿರುವ,
ನಿನ್ನ ಅಕ್ಕ

ತಾ. ಕ. ಟಪಾಲು ಚೀಲ ಕಟ್ಟುತ್ತಿದ್ದಾರೆ, ಬೇಗ ಬರೆಯುತ್ತೇನೆ. ಅಪ್ಪ ಸಾಯುವ ಹಿಂದಿನ ದಿನ ನಿನಗೆ ತಿಳಿಸೆಂದು ನನಗೆ ಒಂದು ಮಾತು ಹೇಳಿದ್ದ. "ಅವನಿಗೆ ಇವತ್ತೇ ಬರಿ. ನಾನು ಕಲಿಸಿದ್ದು ತಪ್ಪು. ನೀರು ಬಿಟ್ಕೊಂಡೇ ಕೊರೀಲಿ, ಅಡಿ ಕಮ್ಮಿಯಾದ್ರೆ ಆಗ್ಲಿ." ಮರುದಿನ ಬರೆಯೋಣವೆಂದಿದ್ದೆ. ಅಷ್ಟರಲ್ಲಿ ಅಪ್ಪ ಹೋದ, ನಿನ್ನ ಮೂರು ಸಾಲು ಬಂತು. ಆಮೇಲೆ ಬರೆಯಲಿಲ್ಲ. ಮರೆತದ್ದಲ್ಲ. ನೀನೂ ಸ್ವಲ್ಪ ತಿನ್ನು ಆ ಧೂಳನ್ನ ಅನ್ನಿಸಿತು. ಜನವರಿಯಲ್ಲಿ ಒಂದು ಕಾಗದ ಹಾಕಿದೆನಲ್ಲ, ಅದರಲ್ಲೂ ಬೇಕೆಂದೇ ಬಿಟ್ಟೆ. ಹೀಗೆ ನಾಲ್ಕು ತಿಂಗಳು. ಮೊನ್ನೆ ನಿನ್ನ ಹೆಂಡತಿ ನಿನಗೆ ತಿಳಿಸದೆ ನನಗೆ ಬರೆದಿದ್ದಾಳೆ. ಬೆಳಿಗ್ಗೆ ಎದ್ದವನು ಮಂಚದ ಅಂಚು ಹಿಡಿದು ಕೆಮ್ಮುತ್ತೀಯಂತೆ, ಮನೆಯ ಮೆಟ್ಟಿಲು ಹತ್ತುವಾಗ ನಡುವೆ ಕೂರುತ್ತೀಯಂತೆ. ಅವಳನ್ನು ಬಯ್ಯಬೇಡ. ನಲ್ಲಿ ತೆರೆ. ಈ ಕಾಗದ ನಿನ್ನ ಕೈಸೇರಲು ಹದಿನೈದು ದಿನ ಬೇಕು. ತಂತಿ ಕೊಟ್ಟಿದ್ದರೆ ಇವತ್ತು ಸಂಜೆಗೇ ಮುಟ್ಟುತ್ತಿತ್ತು, ತಂತಿ ಕಚೇರಿ ಆಸ್ಪತ್ರೆಯ ಎದುರಿಗೇ ಇದೆ. ಬಾಗಿಲ ತನಕ ಹೋಗಿ ವಾಪಸು ಬಂದೆ.