ಹದಿನಾಲ್ಕನೇ ಪುಟದ ನಿಯಮ

ಸಲೈನಾ, ಕ್ಯಾನ್ಸಸ್
ಭಾನುವಾರ, ೧೩ ಅಕ್ಟೋಬರ್ ೨೦೨೪

ಪ್ರೀತಿಯ ರಾಯ್ಸ್,

ಕ್ಷೇಮವಾಗಿದ್ದೀಯಾ? ನಿನ್ನ ಕ್ರಿಸ್‌ಮಸ್ ಕಾರ್ಡ್ ಬಂದು ಹತ್ತು ತಿಂಗಳಾಯಿತು. ಹೊಸ ವರ್ಷಕ್ಕೆ ಉತ್ತರ ಬರೆಯುತ್ತೇನೆಂದುಕೊಂಡೆ, ಆಮೇಲೆ ಈಸ್ಟರಿಗೆ ಎಂದುಕೊಂಡೆ, ಈಗ ನೋಡಿದರೆ ಮನೆಮನೆಯ ಮೆಟ್ಟಿಲ ಮೇಲೆ ಹ್ಯಾಲೋವೀನ್ ಹಬ್ಬದ ಕುಂಬಳಕಾಯಿಗಳು ಬಂದು ಕೂತಿವೆ. ಬೈದುಕೋ, ಪರವಾಗಿಲ್ಲ. ವರ್ಷಕ್ಕೊಮ್ಮೆ ಎರಡು ಸಾಲು ಗೀಚಿ ಸಹಿ ಹಾಕುವ ಆಸಾಮಿ ಇವತ್ತು ಹಾಳೆಗಟ್ಟಲೆ ಬರೆಯಲು ಕೂತಿದ್ದಾನೆಂದರೆ ನಿನಗೆ ಅನುಮಾನ ಬಂದೇ ಬರುತ್ತದೆ. ಬರಲಿ.

ಮೊದಲು ಸಮಾಚಾರ. ನನ್ನ ಆರೋಗ್ಯ ಚೆನ್ನಾಗಿದೆ, ಸಕ್ಕರೆ ಸ್ವಲ್ಪ ಏರಿದೆ. ನನ್ನ ಹೆಂಡತಿ ಆರ್ಲೀನ್ ಡುಲೂತ್‌ನಲ್ಲಿ ತನ್ನ ತಂಗಿ ಗ್ರೆಟಾಳ ಮನೆಯಲ್ಲಿದ್ದಾಳೆ. ಗ್ರೆಟಾಗೆ ಮೊಣಕಾಲಿನ ಆಪರೇಷನ್ ಆಯಿತು, ನೋಡಿಕೊಳ್ಳಲು ಒಬ್ಬರು ಬೇಕಲ್ಲ. ಹಾಗಾಗಿ ಮನೆಯಲ್ಲಿ ನಾನೊಬ್ಬನೇ. ಮನೆ ಎಂದರೂ ತಿಂಗಳಿಗೆ ಎಂಟು ದಿನ ಇದ್ದರೆ ಹೆಚ್ಚು. ವಿಮಾ ಕಂಪನಿಯಿಂದ ನಿವೃತ್ತನಾದ ಮೇಲೆ ಕಾಲೇಜಿನಲ್ಲಿ ನಾವಿಬ್ಬರೂ ಸೇರಿದ್ದ ನಮ್ಮ ಬಾರ್ನಬ ಸಹೋದರ ಸಂಘದವರು ನನ್ನನ್ನು ಕೆಲಸಕ್ಕೆ ಹಚ್ಚಿದ್ದಾರೆ. ನಾಯಕತ್ವ ಮತ್ತು ಬದುಕಿನ ಕೌಶಲಗಳ ಕಾರ್ಯಾಗಾರವಂತೆ. ಶನಿವಾರಕ್ಕೊಂದು ಕಾಲೇಜು. ಕಾರಿನ ಡಿಕ್ಕಿಯಲ್ಲಿ ಆರು ಇಸ್ತ್ರಿಪೆಟ್ಟಿಗೆ, ಎರಡು ಜ್ಯಾಕು, ಒಂದು ಚೀಲ ಹಳೇ ಟೈಗಳು, ಐವತ್ತು ಕೈಪಿಡಿಗಳು. ಪೊಲೀಸರು ತಡೆದರೆ ನಾನು ಏನು ವ್ಯಾಪಾರ ಮಾಡುವವನು ಎಂದು ಅವರಿಗೆ ಹೊಳೆಯುವುದಿಲ್ಲ.

ನಗಬೇಡ. ಈಗಿನ ಹುಡುಗರಿಗೆ ಷರ್ಟಿನ ಕಾಲರಿಗೆ ಇಸ್ತ್ರಿ ಹಾಕಲು ಬರುವುದಿಲ್ಲ. ಹಾಗಂತ ನಮಗೇನು ಬರುತ್ತಿತ್ತು? ನೀನು ಟೈಯನ್ನು ಒಮ್ಮೆ ಕಟ್ಟಿ, ವರ್ಷವಿಡೀ ಬಿಚ್ಚದೆ, ಕುಣಿಕೆಯ ಹಾಗೆ ತಲೆಯ ಮೇಲಿಂದ ಇಳಿಸಿಕೊಳ್ಳುತ್ತಿದ್ದೆಯಲ್ಲ. ಬೆಳಿಗ್ಗೆಯ ಪಾಠಗಳೆಂದರೆ ಕೈ ಕುಲುಕುವುದು, ಇಸ್ತ್ರಿ, ಟೈರ್ ಬದಲಿಸುವುದು, ಸಭೆಯನ್ನು ನಲವತ್ತು ನಿಮಿಷದಲ್ಲಿ ಮುಗಿಸುವುದು, 'ಆದರೆ' ಎನ್ನದೆ ಕ್ಷಮೆ ಕೇಳುವುದು. ಊಟದ ಮೇಲೆ 'ಸಹೋದರನ ಭಾರ ಹೊರುವುದು' ಎಂಬ ಪಾಠ. ನಾನು ನಿನಗೆ ಬರೆಯಬೇಕಾದದ್ದು ಈ ಕೊನೆಯದರ ಬಗ್ಗೆ.

ನಿನ್ನೆ ಇಲ್ಲಿಯ ಕಾಲೇಜಿನಲ್ಲಿ ನಮ್ಮ ಸಂಘದ ಹುಡುಗರು ಒಟ್ಟಿಗೆ ವಾಸಿಸುವ ಮನೆಯಲ್ಲಿ ಮೂವತ್ತೊಂದು ಜನ ಸೇರಿದ್ದರು. ನಮ್ಮ ಕಾಲದ್ದೇ ವಾಸನೆ: ಒದ್ದೆ ಸಾಕ್ಸು, ಅಮಲಿಲ್ಲದ ರೂಟ್ ಬಿಯರ್, ಸುಟ್ಟ ಟೋಸ್ಟು. ಬೀದಿಯಾಚೆಯ ಸಂಘದವರು ಈಗಲೂ ಹೆಂಡ ಮುಟ್ಟದ ನಮ್ಮವರನ್ನು ಹಾಲು ಕುಡಿಯುವ ಮಕ್ಕಳು ಎಂದೇ ಕರೆಯುವುದು. ಮಾಂಸ, ಬೀನ್ಸ್ ಹಾಕಿದ ಗಟ್ಟಿ ಸಾರಿನ ಚಿಲ್ಲಿ, ಅದರ ಜೊತೆ ದಾಲ್ಚಿನ್ನಿಯ ಸಿಹಿ ರೋಲು ಮಾಡಿದ್ದರು. ಚಿಲ್ಲಿಗೆ ರೋಲು ಅದ್ದಿಕೊಂಡು ತಿನ್ನುವುದನ್ನು ನೋಡಿ ನಿನ್ನದೇ ನೆನಪಾಯಿತು. ನೀನು ನಾಲ್ಕು ತಿನ್ನುತ್ತಿದ್ದೆ. ಕೊನೆಯ ವರ್ಷದ ಆ ಶರತ್ಕಾಲದಲ್ಲಿ ಮಾತ್ರ ತಟ್ಟೆ ಮುಟ್ಟದೆ ಎದ್ದುಹೋಗುತ್ತಿದ್ದೆ. ನಾನು ನಿನ್ನ ಪಾಲಿನದನ್ನೂ ತಿಂದೆ. ಇದು ನನಗೆ ಚೆನ್ನಾಗಿ ನೆನಪಿದೆ.

ಊಟದ ಮೇಲೆ ಕೈಪಿಡಿಯ ಹದಿನಾಲ್ಕನೇ ಪುಟ ತೆಗೆಸಿದೆ. ಅಲ್ಲಿ ಏನಿದೆ ಎಂದು ನಿನಗೆ ಹೇಳಬೇಕಾಗಿಲ್ಲ, ಅದು ಹುಟ್ಟಿದ್ದೇ ನಿನ್ನಿಂದ. ಪ್ರಾರ್ಥನೆಯ ವೃತ್ತದಲ್ಲಿ ಒಬ್ಬ ಸಹೋದರ 'ನನ್ನದೊಂದು ಹೇಳದ ಕೋರಿಕೆ' ಎಂದರೆ ಅವನಿಗಾಗಿ ಪ್ರಾರ್ಥಿಸಬೇಕು; ಅದೇನೆಂದು ಅಲ್ಲಿಯೂ ಕೇಳಬಾರದು, ಆಮೇಲೆಯೂ ಕೇಳಬಾರದು. ಎಂಬತ್ತಮೂರರಲ್ಲಿ ನೀನು ಮಂಗಳವಾರ ಮಂಗಳವಾರ ಕೈ ಎತ್ತಿ ಅದನ್ನೇ ಹೇಳುತ್ತಿದ್ದೆ. ಒಂದು ಸಲ ಡಾರೆಲ್ ಪಿಟ್‌ಮನ್ ಹಲ್ಲು ಕಿರಿದು, "ಏನೋ ಅದು, ಹುಡುಗೀನಾ?" ಎಂದ. ನಾನು ಎದ್ದು ನಿಂತೆ. ನಾನಾಗ ಮನೆಯ ಪ್ರಾರ್ಥನಾ ನಾಯಕ, ಜಗತ್ತೇ ನನ್ನ ಹೆಗಲ ಮೇಲಿದೆ ಎಂದುಕೊಂಡಿದ್ದ ಕಾಲ. "ಇನ್ಮೇಲೆ ಯಾರೂ ಕೇಳೋ ಹಾಗಿಲ್ಲ. ಅದು ಅವನಿಗೂ ದೇವರಿಗೂ ಬಿಟ್ಟಿದ್ದು," ಎಂದು ಗುಡುಗಿದೆ. ಎಲ್ಲರೂ ತಲೆದೂಗಿದರು. ನೀನು ನನ್ನ ಮುಖವನ್ನೇ ನೋಡಿದೆ. ಧನ್ಯವಾದ ಹೇಳುತ್ತಿದ್ದೀಯ ಅಂದುಕೊಂಡೆ. ಆ ವರ್ಷವೇ ಅದು ಎಲ್ಲ ಮನೆಗಳ ಕೈಪಿಡಿಗೆ ಹೋಯಿತು. ಮುಂದಿನ ಮಾರ್ಚ್‌ನಲ್ಲಿ ನೀನು ಕಂಬಳಿ ಮಡಿಸಿಟ್ಟು ಕಾಲೇಜು ಬಿಟ್ಟು ಹೋದೆ. ನಾನು ನಿನಗಾಗಿ ಪ್ರಾರ್ಥಿಸಿದೆ.

ನಿನ್ನೆ ಆ ನಿಯಮ ಓದಿಸಿದ ಮೇಲೆ ಹಿಂದಿನ ಸಾಲಿನಿಂದ ಒಬ್ಬ ಕೈ ಎತ್ತಿದ. ಎಫ್ರೆಮ್ ಟಿಡ್‌ವೆಲ್ ಅಂತ, ಹಂದಿ ಸಾಕುವವರ ಮಗ, ಬಾಗಿಲಿನಷ್ಟು ಅಗಲವಿದ್ದಾನೆ. ಇಸ್ತ್ರಿ ಪಾಠದಲ್ಲಿ ಒಂದು ಟೈ ಸುಟ್ಟವನೂ ಇವನೇ.

"ಬ್ರದರ್ ಲಿಂಡನ್, ಕೇಳ್ಲೇಬಾರ್ದು ಅಂದ್ರೆ ಅವನಿಗೇನಾಗಿದೆ ಅಂತ ನಮಗೆ ಗೊತ್ತಾಗೋದು ಹೆಂಗೆ?"

ಈ ಪ್ರಶ್ನೆಗೆ ನನ್ನ ಹತ್ತಿರ ಸಿದ್ಧ ಉತ್ತರವಿದೆ. "ನಿನಗೆ ಗೊತ್ತಾಗಬೇಕಾಗಿಲ್ಲಪ್ಪ. ದೇವರಿಗೆ ಗೊತ್ತಿದೆಯಲ್ಲ," ಎಂದೆ.

"ದೇವರಿಗೆ ಗೊತ್ತು, ಸರಿ. ಆದ್ರೆ ದೇವರು ಬಂದು ಅವನ ಜೊತೆ ಊಟಕ್ಕೆ ಕೂರಲ್ವಲ್ಲ."

ಹುಡುಗರೆಲ್ಲ ನಕ್ಕರು. "ಲೋ ಎಫ್ರೆಮ್, ನಿಂಗೆ ಎಲ್ಲಾ ಊಟಕ್ಕೇ ಬಂದು ನಿಲ್ಲುತ್ತೆ," ಎಂದು ಒಬ್ಬ ಛೇಡಿಸಿದ. ನಾನೂ ನಕ್ಕು ಹದಿನೈದನೇ ಪುಟಕ್ಕೆ ಹೋದೆ. ಆದರೆ ರಾಯ್ಸ್, ಆಮೇಲೆ ಏನು ಪಾಠ ಮಾಡಿದೆನೋ ನನಗೇ ನೆನಪಿಲ್ಲ.

ಕೊನೆಗೆ ವೃತ್ತದಲ್ಲಿ ನಿಂತೆವು. ಒಬ್ಬನಿಗೆ ರಸಾಯನಶಾಸ್ತ್ರದ ಪರೀಕ್ಷೆ, ಒಬ್ಬನ ಅಜ್ಜಿ ಬಿದ್ದು ಸೊಂಟ ಮುರಿದುಕೊಂಡಿದ್ದಾಳೆ, ಒಬ್ಬನ ಅಣ್ಣ ನೌಕಾಪಡೆಯಲ್ಲಿದ್ದಾನೆ. ನನ್ನ ಸರದಿ ಬಂತು. "ನನ್ನದೊಂದು ಹೇಳದ ಕೋರಿಕೆ," ಎಂದೆ.

ನಿನಗೆ ನಿಜ ಹೇಳುತ್ತೇನೆ. ಇದು ಮೊದಲ ಸಲವಲ್ಲ. ಈ ಏಪ್ರಿಲಿನಿಂದ ಹನ್ನೊಂದು ಮನೆಗಳಲ್ಲಿ ಹನ್ನೊಂದು ಸಲ ಇದನ್ನೇ ಹೇಳಿದ್ದೇನೆ. ಪ್ರತಿ ಸಲವೂ ಹುಡುಗರು ಕಣ್ಣು ಮುಚ್ಚಿ, ಹೆಗಲ ಮೇಲೆ ಕೈಯಿಟ್ಟು, ಮನಸಾರೆ ಪ್ರಾರ್ಥಿಸುತ್ತಾರೆ. ಆಮೆನ್ ಎನ್ನುತ್ತಾರೆ. ಆಮೇಲೆ ಕುರ್ಚಿ ಮಡಿಸುತ್ತಾರೆ. ಪ್ರತಿ ಸಲವೂ ನಾನು ಬೇಕೆಂದೇ ನಿಧಾನವಾಗಿ ಸಾಮಾನು ಕಟ್ಟುತ್ತೇನೆ. ಅರವತ್ತೊಂದು ವರ್ಷದ ಮುದುಕ ಇಸ್ತ್ರಿಪೆಟ್ಟಿಗೆಯ ವೈರನ್ನು ಬಿಚ್ಚಿ ಮತ್ತೆ ಸುತ್ತುತ್ತಾ ನಿಲ್ಲುವುದು ಯಾಕೆ ಎಂದು ಯಾರಿಗೂ ಹೊಳೆಯುವುದಿಲ್ಲ. ಯಾರಾದರೂ ಒಬ್ಬರು ಹತ್ತಿರ ಬಂದು ಏನಾಯಿತು ಎಂದು ಕೇಳಲಿ ಅಂತ ನನಗೆ ಹಸಿವೆಯಷ್ಟು ಆಸೆಯಾಗುತ್ತದೆ. ಕೇಳುವುದಿಲ್ಲ. ಹೇಗೆ ಕೇಳುತ್ತಾರೆ? ಆಗ ತಾನೇ ಪಾಠ ಮಾಡಿರುತ್ತೇನಲ್ಲ.

ನಿನ್ನೆ ಎಫ್ರೆಮ್ ಬಂದ. ಎರಡೂ ಜ್ಯಾಕನ್ನು ಒಂದೇ ಕೈಯಲ್ಲಿ ಹೊತ್ತು ಕಾರಿನ ತನಕ ಬಂದ. ಡಿಕ್ಕಿ ಮುಚ್ಚಿದ. ಹೋಗಲಿಲ್ಲ. ಟೋಪಿ ತೆಗೆದ, ಹಾಕಿಕೊಂಡ.

"ಬ್ರದರ್, ನಿಮ್ಮ ಹಿಂದಿನ ಟೈರಲ್ಲಿ ಗಾಳಿ ಕಮ್ಮಿ ಇದೆ."

"ನೋಡ್ತೀನಿ," ಎಂದೆ.

ಅವನು ಟೈರನ್ನು ಬೂಟಿನಿಂದ ಒತ್ತಿದ. ಆಮೇಲೆ ನೆಲ ನೋಡುತ್ತಾ, "ನಾನು ನಿಮ್ಮನ್ನ ಕೇಳ್ಬೇಕು ಅಂತಿದ್ದೆ. ಆಗ ವೃತ್ತದಲ್ಲಿ ಹೇಳಿದ್ರಲ್ಲ, ಅದು. ಆದ್ರೆ ಹದಿನಾಲ್ಕನೇ ಪುಟದಲ್ಲಿ ಕೇಳ್ಬಾರ್ದು ಅಂತ ಇದೆ," ಎಂದ.

ಹನ್ನೊಂದು ಮನೆ ಕಾದಿದ್ದೆ, ರಾಯ್ಸ್. ಅದು ಬಾಗಿಲವರೆಗೆ ಬಂದು ನಿಂತಿತ್ತು. ಕೇಳಪ್ಪಾ ಎಂದರೆ ಸಾಕಿತ್ತು. ನಾನು ಏನು ಮಾಡಿದೆ ಗೊತ್ತೇ? ಬೆನ್ನು ನೆಟ್ಟಗೆ ಮಾಡಿಕೊಂಡು, "ಶಭಾಷ್. ಒಬ್ಬನಾದರೂ ಪಾಠ ಕೇಳಿಸಿಕೊಂಡಿದ್ದಾನೆ," ಎಂದೆ. ಕೈ ಕುಲುಕಿದೆ. ಬೆಳಿಗ್ಗೆ ಕಲಿಸಿದ ಹಾಗೆಯೇ, ಗಟ್ಟಿಯಾಗಿ, ಕಣ್ಣಲ್ಲಿ ಕಣ್ಣಿಟ್ಟು, ಎರಡು ಸಲ. ಹುಡುಗನ ಮುಖ ಬಾಡಿತು. "ಹುಷಾರಾಗಿ ಹೋಗಿ, ಬ್ರದರ್," ಎಂದು ಹೊರಟುಹೋದ.

ಪೆಟ್ರೋಲ್ ಬಂಕಿನಲ್ಲಿ ಟೈರಿಗೆ ಗಾಳಿ ತುಂಬಿಸುತ್ತಾ ನಿಂತಾಗ ನನಗೆ ಅಳು ಬಂತು. ಆಗ ನಿನ್ನ ಅವತ್ತಿನ ಮುಖ ಅರ್ಥವಾಯಿತು. ಅದು ಧನ್ಯವಾದವಲ್ಲ. ನೀನು ಯಾರಾದರೂ ಕೇಳಲಿ ಎಂದೇ ಕೈ ಎತ್ತುತ್ತಿದ್ದೆ. ಡಾರೆಲ್ ಪಿಟ್‌ಮನ್ ಒರಟ, ಆದರೂ ಕೇಳಿದವನು ಅವನೊಬ್ಬನೇ. ಅವನ ಬಾಯನ್ನೂ ನಾನು ಮುಚ್ಚಿಸಿದೆ. ನಿನ್ನ ಮಾನ ಕಾಯುತ್ತಿದ್ದೇನೆ ಎಂದುಕೊಂಡಿದ್ದೆ. ಸುಳ್ಳು. ನನಗೆ ಭಯವಿತ್ತು. ಕೇಳಿದರೆ ನೀನು ಹೇಳುತ್ತಿದ್ದೆ, ಹೇಳಿದರೆ ನಾನು ನಿನ್ನ ಪಕ್ಕದಲ್ಲಿ ಕೂರಬೇಕಾಗುತ್ತಿತ್ತು. ಪ್ರಾರ್ಥಿಸುವುದಾದರೆ ಕಣ್ಣು ಮುಚ್ಚಿದರೆ ಮುಗಿಯಿತು. ಎರಡು ವರ್ಷ ನಿನ್ನ ಹಾಸಿಗೆಗೂ ನನ್ನ ಹಾಸಿಗೆಗೂ ನಡುವೆ ಮೂರೇ ಅಡಿ ಇತ್ತು.

ಹಾಗಾಗಿ ಈಗ ಕೇಳುತ್ತಿದ್ದೇನೆ. ನಲವತ್ತೊಂದು ವರ್ಷ ತಡವಾಗಿದೆ, 'ಆದರೆ' ಎನ್ನುವುದಿಲ್ಲ. ಏನಾಗಿತ್ತು, ರಾಯ್ಸ್? ಹೇಳಬೇಕೆನಿಸಿದರೆ ಬರೆ, ಇಲ್ಲ ಫೋನ್ ಮಾಡು, ಹಳೇ ನಂಬರೇ. ಹೇಳಲು ಮನಸ್ಸಿಲ್ಲದಿದ್ದರೆ ನಾಲ್ಕು ಮಾತು ಬೈದು ಬರೆ. ಅದೂ ಆಗಬಹುದು.

ಇವತ್ತು ಚರ್ಚ್ ಮುಗಿಸಿ ಬಂದು ಮೋಟೆಲಿನ ತಿಂಡಿಯ ಕೋಣೆಯಲ್ಲಿ ಕೂತಿದ್ದೇನೆ. ಐವತ್ತು ಕೈಪಿಡಿಗಳನ್ನೂ ಮೇಜಿನ ಮೇಲೆ ಪೇರಿಸಿಕೊಂಡಿದ್ದೇನೆ. ಪೆನ್ನು ತೆಗೆದುಕೊಂಡು ಹದಿನಾಲ್ಕನೇ ಪುಟದ ಆ ಸಾಲನ್ನು ಹೊಡೆದುಹಾಕುತ್ತಿದ್ದೇನೆ, ಹದಿನೇಳು ಆಗಿವೆ. ಮೇಜು ಒರೆಸುವ ಹೆಂಗಸು, "ಪರೀಕ್ಷೆ ಪೇಪರ್ರಾ? ಎಲ್ಲಾರೂ ಫೇಲಾ?" ಎಂದಳು. ಎಲ್ಲಾ ಒಬ್ಬನದೇ ಪೇಪರು ಎಂದೆ.

ನಿನ್ನ ಮೊಮ್ಮಗಳ ಟ್ರಂಪೆಟ್ ಪಾಠ ಹೇಗೆ ನಡೆದಿದೆ? ಅಜ್ಜನೇ ಮೇಷ್ಟ್ರಾದರೆ ಪಾಪ ಅವಳ ಗತಿ. ನಿಮ್ಮ ಸ್ಪೋಕೇನ್‌ನಲ್ಲಿ ಆಗಲೇ ಚಳಿ ಬಿದ್ದಿರಬೇಕು, ಎದೆ ಬೆಚ್ಚಗಿಟ್ಟುಕೋ. ಕರ್ತನು ನಿನ್ನನ್ನೂ ನಿನ್ನ ಮನೆಯವರನ್ನೂ ಕಾಯಲಿ, ನಿನ್ನ ಊಟದ ಮೇಜಿನ ಎದುರು ಕುರ್ಚಿಯಲ್ಲಿ ಯಾವಾಗಲೂ ಒಬ್ಬರಿರುವಂತೆ ಮಾಡಲಿ.

ನಿನ್ನ ಕೋಣೆಯ ಗೆಳೆಯ,
ಲಿಂಡನ್ ಆಸ್ಟ್ರಾಂಡರ್

ತಾ.ಕ.: ಮೇಲೆ ಗ್ರೆಟಾಳ ಮೊಣಕಾಲಿನ ವಿಷಯ ಬರೆದೆ. ಅದು ಮಾರ್ಚ್‌ನಲ್ಲೇ ವಾಸಿಯಾಯಿತು. ಈಗ ಅವಳು ದಿನಾ ಸರೋವರದ ದಂಡೆಯಲ್ಲಿ ಎರಡು ಮೈಲಿ ನಡೆಯುತ್ತಾಳಂತೆ. ಆರ್ಲೀನ್ ವಾಪಸು ಬರುವುದಿಲ್ಲ. ಯಾಕೆ ಎಂದು ನಾನು ಕೇಳಲಿಲ್ಲ, ಅವಳೇ ಹೇಳಿದಳು: "ಮೂವತ್ತಾರು ವರ್ಷದಲ್ಲಿ ನಾನು ಅಡುಗೆಮನೇಲಿ ನಿಂತು ಅತ್ತಾಗೆಲ್ಲ ನೀನು ನನಗೋಸ್ಕರ ಪ್ರಾರ್ಥನೆ ಮಾಡಿದೀಯ, ಲಿಂಡನ್. ಯಾಕೆ ಅಳ್ತಿದೀಯ ಅಂತ ಒಂದ್ಸಲನೂ ಕೇಳ್ಲಿಲ್ಲ." ಅದಕ್ಕೆ ನಾನು, ನಿನಗೋಸ್ಕರ ಪ್ರಾರ್ಥಿಸ್ತೀನಿ ಎಂದೆ. ಅವಳು ಫೋನ್ ಇಟ್ಟಳು.